ಅಧ್ಯಕ್ಷರ ಅಡುಗೆಮನೆಯ ಚುಕ್ಕೆ

ನಮ್ಮೂರಿನಲ್ಲಿ ಯಾರನ್ನಾದರೂ ಹುಡುಕಬೇಕಾದರೆ ತಲೆ ಎತ್ತುವ ಪದ್ಧತಿಯಿಲ್ಲ, ತಲೆ ತಗ್ಗಿಸುತ್ತೇವೆ. ಫೋನಿನ ಪರದೆಯ ಮೇಲೆ ಊರಿದೆ, ಊರಿನ ಮೇಲೆ ಚುಕ್ಕೆಗಳಿವೆ, ಚುಕ್ಕೆಯ ಪಕ್ಕದಲ್ಲಿ ಹೆಸರೂ ಕೇರಿಯೂ ಇವೆ. ಚುಕ್ಕೆ ಎಲ್ಲಿದೆಯೋ ಆಳು ಅಲ್ಲಿದೆ. ಎದುರಿಗೆ ನಿಂತು ಹಲ್ಲು ಕಿರಿಯುತ್ತಿರುವವನ ಚುಕ್ಕೆ ಸಂತೆಮಾಳದಲ್ಲಿದ್ದರೆ ಅವನು ಸಂತೆಮಾಳದಲ್ಲಿದ್ದಾನೆ ಎಂದೇ ಲೆಕ್ಕ. ಎದುರಿಗಿರುವುದನ್ನು ಮಾತಾಡಿಸುವುದು ನಮ್ಮಲ್ಲಿ ಮರ್ಯಾದಸ್ತರ ಲಕ್ಷಣವಲ್ಲ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೋಟೆ ಬಾಗಿಲ ಗಂಟೆ ಹೊಡೆಯುತ್ತದೆ. ಗಂಟೆ ಕೇಳಿದ ಕೂಡಲೇ, ಯಾರ ದೇಹ ಚುಕ್ಕೆಯಿಂದ ದೂರವಿದೆಯೋ ಅವರು ಓಡಿ ಹೋಗಿ ಚುಕ್ಕೆ ಸೇರಬೇಕು. ಚುಕ್ಕೆ ಬಂದು ನಮ್ಮನ್ನು ಸೇರುವುದಿಲ್ಲ, ಅದಕ್ಕೆ ಅಷ್ಟು ಬಿಡುವಿಲ್ಲ. ಹೀಗಾಗಿ ಸಂಜೆಯ ಹೊತ್ತು ನಮ್ಮೂರು ನೋಡಲು ಚೆಂದ. ಲೆಕ್ಕದ ಮೇಷ್ಟ್ರು ಪಂಚೆ ಎತ್ತಿಕೊಂಡು ಕೆರೆಯಲ್ಲಿ ಮಂಡಿಯುದ್ದ ನಿಂತಿರುತ್ತಾರೆ. ಹೋದ ವರ್ಷ ಮದುವೆಯಾದ ಗಾರೆ ಕೆಲಸದವನೊಬ್ಬ ಹೆಂಡತಿಯನ್ನು ಕೆಳಗೆ ಬಿಟ್ಟು ಪಕ್ಕದ ಮನೆಯ ಹಂಚಿನ ಮೇಲೆ ಕೂತಿರುತ್ತಾನೆ. ಅವಳು ಕೋಲಿಗೆ ಬುತ್ತಿ ಕಟ್ಟಿ ಮೇಲಕ್ಕೆ ಚಾಚುತ್ತಾಳೆ. ಗಂಡ ಎಲ್ಲಿದ್ದಾನೆಂಬುದಾದರೂ ಗೊತ್ತಿರುತ್ತದಲ್ಲ ಎಂದು ಅಕ್ಕಪಕ್ಕದವರು ಅವಳ ಅದೃಷ್ಟವನ್ನು ಹೊಗಳುತ್ತಾರೆ.

ಇದರಿಂದ ಯಾರಿಗೂ ತೊಂದರೆಯಾಗಿಲ್ಲ ಎಂದು ಪುರಸಭೆ ಆಗಾಗ ಮೈಕಿನಲ್ಲಿ ಹೇಳುತ್ತದೆ. ಯಾರಿಗೂ ಎಂದರೆ ಕೋಟೆ ಬೀದಿಯವರಿಗೆ. ಅವರ ಬೀದಿ ಅಗಲ, ಮೇಲೆ ಆಕಾಶ ಧಾರಾಳ, ಕೈಯಲ್ಲಿರುವ ಫೋನು ದುಬಾರಿ. ಅವರ ಚುಕ್ಕೆ ಹಣೆಯ ಕುಂಕುಮದ ಹಾಗೆ ಇಟ್ಟಲ್ಲೇ ಇರುತ್ತದೆ. ನಾವಿರುವುದು ಸುಣ್ಣದ ಕೇರಿಯಲ್ಲಿ, ದೊಡ್ಡ ಬಂಡೆಯ ಬುಡದಲ್ಲಿ. ನಮಗೆ ಆಕಾಶ ಕಾಣುವುದು ಬಾಗಿಲ ಸಂದಿಯಿಂದ ಬೀದಿ ಕಂಡಷ್ಟು. ಯಾರೋ ಬಿಟ್ಟ ಫೋನುಗಳೇ ನಮ್ಮ ಫೋನುಗಳು. ನಮ್ಮ ಚುಕ್ಕೆಗಳು ಚಿಗಟದ ಹಾಗೆ ಊರೆಲ್ಲ ನೆಗೆಯುತ್ತವೆ. ನೆಗೆದಲ್ಲೆಲ್ಲ ನಾವು ಹೋಗಿ ನಿಲ್ಲುತ್ತೇವೆ. ಕೆಲವು ಸಲ ಚರಂಡಿ, ಕೆಲವು ಸಲ ಮುಳ್ಳುಬೇಲಿ. ರೂಢಿಯಾಗಿದೆ.

ಸುಣ್ಣ ಸುಡುವವರಿಗೆ ಇನ್ನೊಂದು ಕಷ್ಟವಿದೆ. ಗೂಡಿನ ಕಾವಿಗೆ ಫೋನು ತಡೆಯುವುದಿಲ್ಲ, ಉಬ್ಬಿಕೊಂಡು ಸಾಯುತ್ತದೆ. ಅದಕ್ಕೆ ಕೆಲಸಕ್ಕೆ ಇಳಿಯುವ ಮುಂಚೆ ಎಲ್ಲರೂ ಕೊರಳ ಫೋನನ್ನು ತೆಗೆದು ಬಂಡೆಯ ಸೀಳುಗಳಿಗೆ ನೇತು ಹಾಕುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಸೀಳು. ನನ್ನ ಗಂಡ ಓಬಳೇಶ ಎತ್ತರದ ಆಳು, ಅವನ ಸೀಳು ಮೇಲಿನದು. ಫೋನನ್ನು ಕೊರಳಲ್ಲೇ ಇಟ್ಟುಕೊಳ್ಳಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಒಬ್ಬರ ಫೋನನ್ನು ಇನ್ನೊಬ್ಬರು ಮುಟ್ಟಿ ಸರಿಸಿದರೆ ಮಾತ್ರ ಅದು ಮನುಷ್ಯನನ್ನು ಅಪಹರಿಸಿದಂತೆ. ಈ ಎರಡೂ ಅನುಕೂಲಗಳನ್ನು ಕೋಟೆ ಬೀದಿಯವರು ತಮಗೆಂದೇ ಮಾಡಿಕೊಂಡದ್ದು. ನಮಗೆ ಸಿಕ್ಕಿದ್ದು ಅವರ ಮರೆವಿನಿಂದ.

ಹೀಗಿರುವಾಗ ಪುರಸಭೆಯ ಪಂಪ್‌ಹೌಸಿನಿಂದ ಮೋಟಾರು ಕಳುವಾಯಿತು. ಹಾಡಹಗಲಲ್ಲಿ ಆಯಿತು. ಅದೇ ವಾರ ಅಧ್ಯಕ್ಷ ನಾಗಭೂಷಣಪ್ಪನವರ ಭಾವಮೈದನ ಬಾಳೆತೋಟದಲ್ಲಿ ಹೊಸ ಮೋಟಾರೊಂದು ಗುಡುಗತೊಡಗಿತು. ದಾರಿಯಲ್ಲಿ ಹೋಗುವ ದನಕ್ಕೂ ಕೇಳುವಷ್ಟು. ಆದರೆ ಕಳುವಾದ ಹೊತ್ತಿನಲ್ಲಿ ಭಾವಮೈದನ ಚುಕ್ಕೆ ಛತ್ರದಲ್ಲಿ, ಮದುವೆಯ ಮೊದಲನೇ ಸಾಲಿನಲ್ಲಿತ್ತು. ಹೌದು, ಇತ್ತು. ಕುರ್ಚಿಯ ಮೇಲೆ ಅವನ ಫೋನು ಒಂದೇ ಕೂತು ಊಟದ ಕರೆಗೆ ಕಾಯುತ್ತಿದ್ದುದನ್ನು ನೂರು ಜನ ನೋಡಿದ್ದರು. ಆತ ಬಂದಿದ್ದನೆಂದು ನೂರು ಜನವೂ ಸಾಕ್ಷಿ ಹೇಳಿದರು. ಪಂಪ್‌ಹೌಸಿನ ಬೀಗದ ಒಳಗೆ ಆಗ ಹೊಳೆಯುತ್ತಿದ್ದ ಒಂದೇ ಚುಕ್ಕೆ ಓಬಳೇಶನದು.

ದಫೇದಾರ್ ಜಂಬಣ್ಣ ಗೂಡಿನ ಹತ್ತಿರವೇ ಬಂದ. ಹಿಡಿದದ್ದು ಓಬಳೇಶನ ದೇಹದ ತೋಳನ್ನೇ, ಚುಕ್ಕೆಯನ್ನಲ್ಲ. ಆ ಕೆಲಸಕ್ಕೆ ಮಾತ್ರ ದೇಹ ಬೇಕಾಗುತ್ತದೆ.

"ಅವನು ಇಲ್ಲೇ ಇದ್ದ ದಫೇದಾರಣ್ಣ. ನಾನು ಕಲ್ಲು ಎತ್ತಿ ಕೊಡ್ತಿದ್ದೆ, ಅವನು ಗೂಡಿಗೆ ಜೋಡಿಸ್ತಿದ್ದ. ನನ್ನ ಪಕ್ಕದಾಗೆ," ಎಂದೆ ನಾನು.

ಜಂಬಣ್ಣ ತನ್ನ ಫೋನನ್ನು ಅಂಗಿಗೆ ಒರೆಸಿಕೊಂಡು ನೋಡಿದ. "ಮಾರಕ್ಕ, ಸುಣ್ಣದ ಕೇರಿ. ನೀನು ಆಗ ಕೆರೆ ನಡುವೆ ಇದ್ದೆ."

"ನನಗೆ ಈಜಾಕೇ ಬರಲ್ಲ!"

"ಬರಲ್ಲ ಅಂತ ಯಾಕೆ ಅಂತೀಯಮ್ಮ, ಇಷ್ಟು ಚೆನ್ನಾಗಿ ಈಜಿದೀಯ. ಕೆರೆ ನಡುವೆ ಇದ್ದೋಳಿಗೆ ಗೂಡಿನ ತಾವ ಇದ್ದೋನು ಹೆಂಗೆ ಕಂಡ? ಕುಡಿಯೋ ನೀರಿಗೆ ಇಳಿದಿದ್ದಕ್ಕೆ ಕೇಸು ಹಾಕ್ತಿಲ್ವಲ್ಲ, ಅದಕ್ಕೆ ಕೈ ಮುಗಿ."

ಓಬಳೇಶನನ್ನು ಕೋಟೆ ಬಾಗಿಲ ಕೆಳಗಿನ ಲಾಕಪ್ಪಿಗೆ ಹಾಕಿದರು. ಸೋಮವಾರ ಬೆಳಿಗ್ಗೆ ದೊಡ್ಡ ಜೈಲಿನ ವ್ಯಾನು ಬರುತ್ತದೆ ಎಂದರು. ಆ ವ್ಯಾನು ಹತ್ತಿದ ನಮ್ಮ ಕೇರಿಯವರು ಯಾರೂ ಇದುವರೆಗೆ ವಾಪಸು ಬಂದಿಲ್ಲ. ಅವರ ಚುಕ್ಕೆಗಳು ಪರದೆಯ ಅಂಚಿಗೆ ಹೋಗಿ ಆಚೆ ಬಿದ್ದುಬಿಡುತ್ತವೆ. ಆಮೇಲೆ ಅವರ ಹೆಸರೆತ್ತಿದರೆ, ಅಂಥವರು ಇಲ್ಲಿ ಇರಲಿಲ್ಲವಲ್ಲ ಎನ್ನುತ್ತಾರೆ.

ನಾನು ಚುಕ್ಕೆ ಆಫೀಸಿಗೆ ಹೋದೆ. ಅಲ್ಲಿ ಪ್ರಭಂಜನ ಎನ್ನುವ ಅಧಿಕಾರಿ ಇದ್ದಾನೆ, ಓದಿದವನು, ಒಳ್ಳೆಯವನು. ಒಳ್ಳೆಯವನು ಎಂದರೆ ಬಾಗಿಲು ಹಾಕಿಕೊಂಡಾಗ ನಿಜ ಹೇಳುವವನು.

"ನೋಡಮ್ಮ," ಎಂದ, ದನಿ ತಗ್ಗಿಸಿ. "ಬಯಲಲ್ಲಿ ನಿಂತು, ಆಕಾಶ ಪೂರ್ತಿ ಕಂಡರೆ ಚುಕ್ಕೆ ನಾಲ್ಕಾರು ಹೆಜ್ಜೆ ಆಚೀಚೆ ಆಗಬಹುದು, ಅಷ್ಟೆ. ಬಂಡೆ ಬುಡ, ಗೋಡೆ ಸಂದಿ, ಸೂರಿನ ಕೆಳಗೆ ಹೋದರೆ ಕತೆ ಬೇರೆ. ಉಪಗ್ರಹದ ಮಾತು ಫೋನಿನ ಕಿವಿಗೆ ನೇರ ಬೀಳಲ್ಲ, ಬಂಡೆಗೆ ಬಡಿದು ಸುತ್ತಿ ಬರುತ್ತೆ. ಅದೂ ಕೇಳಿಸದಿದ್ದರೆ ಫೋನು ಟವರನ್ನ ಕೇಳುತ್ತೆ. ಟವರು, ನನ್ನ ಸುತ್ತಮುತ್ತ ಎಲ್ಲೋ ಇದ್ದಾನಪ್ಪ ಅನ್ನುತ್ತೆ. ಯಾರೂ ಏನೂ ಹೇಳದಿದ್ದರೆ ಹಿಂದೆ ಇದ್ದ ಜಾಗವನ್ನೇ ಈಗಿನದು ಅಂತ ತೋರಿಸುತ್ತೆ."

"ಮತ್ತೆ ಫೋನಿಗೆ ಗೊತ್ತಾಗಲ್ವ ಸಾರ್, ತನಗೆ ಸರಿಯಾಗಿ ಗೊತ್ತಿಲ್ಲ ಅಂತ?"

"ಗೊತ್ತಾಗುತ್ತೆ! ಫೋನಿಗೆ ಆ ಪ್ರಾಮಾಣಿಕತೆ ಇದೆ. ಅದಕ್ಕೇ ಚುಕ್ಕೆ ಸುತ್ತ ಒಂದು ತೆಳು ನೀಲಿ ಬಳೆ ಹಾಕುತ್ತೆ. ಈ ಬಳೆ ಒಳಗೆ ಎಲ್ಲೋ ಇದ್ದಾನೆ, ಖಚಿತ ಹೇಳಲಾರೆ ಅಂತ ಅದರ ಅರ್ಥ. ಅನುಮಾನ ಜಾಸ್ತಿಯಾದಷ್ಟೂ ಬಳೆ ದೊಡ್ಡದು. ಮೊದಲು ನಮ್ಮೂರಿನ ಆ್ಯಪಿನಲ್ಲೂ ಬಳೆ ಇತ್ತು. ಅಧ್ಯಕ್ಷರು ತೆಗೆಸಿದರು. ಆಡಳಿತಕ್ಕೆ ಅನುಮಾನ ಶೋಭೆ ತರಲ್ಲ ಅಂದರು."

"ಅಧ್ಯಕ್ಷರ ಬಳೆ ಎಷ್ಟು ದೊಡ್ಡದಿತ್ತು?"

"ಅವರದಾ? ಕಾಣ್ತಾನೇ ಇರಲಿಲ್ಲ, ಅಷ್ಟು ಸಣ್ಣದು."

"ನಮ್ಮ ಕೇರಿಯೋರದು?"

ಪ್ರಭಂಜನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅದರೊಳಗೆ ಅರ್ಧ ಊರು ಬರುತ್ತಿತ್ತು."

ಅರ್ಧ ಊರಿನಲ್ಲಿ ಯಾರ ಮನೆಯಲ್ಲಿ ಏನು ಕಳುವಾದರೂ ಅದು ನಮ್ಮ ಬಳೆಯೊಳಗೇ. ಬಳೆ ಒಡೆದು ಹಾಕಿ, ಎಲ್ಲಿ ಬೇಕೋ ಅಲ್ಲಿ ಚುಕ್ಕೆ ಉಳಿಸಿಕೊಂಡಿದ್ದರು. "ಇಷ್ಟನ್ನೇ ದಫೇದಾರರ ಮುಂದೆ ಬಂದು ಹೇಳಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ," ಎಂದೆ.

ಆತ ಕನ್ನಡಕ ಹಾಕಿಕೊಂಡು ಫೋನು ನೋಡಿಕೊಂಡ. ಮುಖದಲ್ಲಿ ನಿರಾಳ ಮೂಡಿತು. "ನಾನೀಗ ಆಫೀಸಲ್ಲಿ ಇಲ್ಲಮ್ಮ. ಈ ಛಾವಣಿ ಕಾಂಕ್ರೀಟಿನದು ನೋಡು, ನನ್ನ ಚುಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗಿದೆ. ಆಫೀಸಲ್ಲಿ ಇಲ್ಲದವನು ಆಫೀಸಿನ ವಿಷಯ ಹೇಗೆ ಹೇಳಲಿ?" ಎಂದವನೇ, ಬಸ್‌ಸ್ಟ್ಯಾಂಡಿನಲ್ಲಿ ಇರುವವನಂತೆ ದೂರಕ್ಕೆ ದೃಷ್ಟಿ ನೆಟ್ಟು ಕೂತುಬಿಟ್ಟ.

ಓಬಳೇಶ ಲಾಕಪ್ಪಿಗೆ ಹೋದನೆಂದು ಗೂಡು ಕಾಯುವುದಿಲ್ಲ. ಒಮ್ಮೆ ಬೆಂಕಿ ಕೊಟ್ಟ ಮೇಲೆ ಕಲ್ಲು ಬೇಯುವ ತನಕ ಆರಲು ಬಿಡುವಂತಿಲ್ಲ, ಆರಿದರೆ ಅಷ್ಟೂ ಕಲ್ಲು ದಂಡ. ಅದಕ್ಕೆ ನನ್ನ ಅತ್ತೆ ತಿಪ್ಪಮ್ಮ, ಮೊಮ್ಮಕ್ಕಳನ್ನು ಆಡಿಸಿಕೊಂಡು ಕೂರುವ ವಯಸ್ಸಿನಲ್ಲಿ, ಸೆರಗು ಬಿಗಿದು ಗೂಡಿಗೆ ಇಳಿದಳು. ಅತ್ತೆ ಕುಳ್ಳಿ. ಮಗನ ಸೀಳು ಕೈಗೆ ಎಟುಕದೆ, ಅದರ ಕೆಳಗಿನ ಸಣ್ಣ ಬಿರುಕಿಗೆ ತನ್ನ ಫೋನು ತೂಗುಹಾಕಿದಳು. ಆ ಬಿರುಕಿಗೆ ಅಲ್ಲಿಯವರೆಗೆ ಯಾರೂ ಫೋನು ಹಾಕಿರಲಿಲ್ಲ.

ನಾನು ಗೂಡಿನ ಕೆಲಸದ ಜೊತೆಗೆ ಅಧ್ಯಕ್ಷರ ಮನೆಯ ಅಂಗಳ, ಹಿತ್ತಲು ಗುಡಿಸುವವಳು. ಇಷ್ಟು ವರ್ಷದಲ್ಲಿ ಹಿತ್ತಲ ಬಾಗಿಲ ಹೊಸಿಲು ದಾಟಿಲ್ಲ, ದಾಟಗೊಟ್ಟಿಲ್ಲ. ಆದರೆ ಅಡುಗೆಮನೆಯ ಕಿಟಕಿ ಹಿತ್ತಲಿಗೇ ಇದೆ, ಮಾತಿಗೆ ಹೊಸಿಲಿಲ್ಲ. ಮಾರನೆಯ ದಿನ ನಾನು ಪೊರಕೆ ಹಿಡಿದಿದ್ದಾಗ ಒಳಗಿಂದ ಸರ್ವಮಂಗಳಮ್ಮನವರ ಕೂಗು ಕೇಳಿಸಿತು. ಅವರು ಅಧ್ಯಕ್ಷರ ತಾಯಿ. ಇಡೀ ದಿನ ತೂಗುಮಂಚದ ಮೇಲೆ ಕೂತು ಯಾರ ಚುಕ್ಕೆ ಯಾರ ಮನೆಯಲ್ಲಿದೆ ಎಂದು ನೋಡುವುದು ಅವರ ಜಪ. ಆವತ್ತು ತಮ್ಮ ಮನೆಯನ್ನೇ ನೋಡಿಕೊಂಡಿದ್ದರು.

"ಅಯ್ಯಯ್ಯೋ, ಸುಣ್ಣದ ಕೇರಿ ತಿಪ್ಪಮ್ಮ! ನಮ್ಮ ಅಡುಗೆಮನೇಲಿ! ಒಲೆ ಪಕ್ಕದಲ್ಲಿ!"

ಆಗ ತಾನೆ ಇಳಿಸಿದ ಹುರುಳಿಕಾಳಿನ ಸಾರು ಕೊಟ್ಟಿಗೆಗೆ ಹೋಯಿತು. ಹಸು ಮೂಸಿ ನೋಡಿ ಕುಡಿಯಿತು. ಅದರ ಬಳಿ ಫೋನಿರಲಿಲ್ಲ. ಅಡುಗೆಮನೆಗೆ ನೀರು ಹೊಯ್ದರು, ಗಂಜಲ ಚಿಮುಕಿಸಿದರು, ಮತ್ತೆ ಒಲೆ ಹಚ್ಚಿದರು. ಅಮ್ಮನವರು ಮತ್ತೆ ಫೋನು ನೋಡಿದರು. ಚುಕ್ಕೆ ಒಲೆಯಿಂದ ಸರಿದು ಉಪ್ಪಿನಕಾಯಿ ಜಾಡಿಯ ಹತ್ತಿರ ಬಂದಿತ್ತು. ಜಾಡಿಯೂ ಹೋಯಿತು. ಅವತ್ತಿನಿಂದ ಅಮ್ಮನವರು ಊಟ ಬಿಟ್ಟರು.

ಅಧ್ಯಕ್ಷರು ತಾಯಿಯ ಕೈ ಹಿಡಿದು ಅಡುಗೆಮನೆಗೆ ಕರೆತಂದದ್ದನ್ನು ನಾನು ಕಿಟಕಿಯಿಂದ ಕಂಡೆ. "ಅಮ್ಮ, ನೋಡಿಲ್ಲಿ. ಒಲೆ ಇದೆ, ಪಾತ್ರೆ ಇದೆ. ಯಾರಿದ್ದಾರೆ ಹೇಳು."

"ನಿನ್ನ ಕಣ್ಣು ಯಾವ ಕಂಪನಿದೋ?" ಎಂದರು ಅಮ್ಮನವರು. "ಟೌನ್‌ಹಾಲಿನಲ್ಲಿ ನೀನೇ ತಾನೆ ಭಾಷಣ ಮಾಡಿದ್ದು, ಕಣ್ಣು ಮೋಸ ಮಾಡುತ್ತೆ, ಚುಕ್ಕೆ ಮಾಡಲ್ಲ ಅಂತ? ನಾನು ಮುಂದುಗಡೆ ಕೂತು ಚಪ್ಪಾಳೆ ಹೊಡೆದಿದ್ದೆ."

"ಅದು ಊರಿಗೆ ಹೇಳಿದ್ದಮ್ಮ."

"ನಾವು ಊರಲ್ಲೇ ಇರೋದು."

ಅಧ್ಯಕ್ಷರು ಹೋಟೆಲಿಗೆ ಹೋಗಿ ಇಡ್ಲಿ ತಿಂದು ಬಂದರು.

ಭಾನುವಾರ ನಾನು ಗೂಡಿಗೆ ಹೋಗಿ ಅತ್ತೆಗೆ ಇದನ್ನೆಲ್ಲ ಹೇಳಿದೆ. ಹಗಲೂ ರಾತ್ರಿ ಬೆಂಕಿ ಕಾಯುತ್ತಿದ್ದ ಅವಳು ಫೋನು ನೋಡಿಯೇ ಇರಲಿಲ್ಲ, ಮೊದಲು ನಂಬಲಿಲ್ಲ. ನನ್ನ ಫೋನಿನಲ್ಲಿ ತೋರಿಸಿದೆ. ಕೋಟೆ ಬೀದಿ, ದೊಡ್ಡ ಮನೆ, ಹಿಂಭಾಗ, ತಿಪ್ಪಮ್ಮ. ಅತ್ತೆ ಸುಣ್ಣದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಮೂಗಿನ ಕೆಳಗೆ ಬಿಳಿ ಮೀಸೆ ಮೂಡಿತು. ನಕ್ಕು ಮುಗಿದ ಮೇಲೆ ಅವಳ ಕಣ್ಣು ಮೇಲಿನ ಸೀಳಿನತ್ತ ಹೋಯಿತು, ಓಬಳೇಶನ ಸೀಳಿನತ್ತ.

"ಸಂಜೆ ಗಂಟೆ ಹೊಡೆದ ಮ್ಯಾಲೆ ಚುಕ್ಕೆ ಸೇರಬೇಕಲ್ಲೇನೇ ಮಾರಿ?"

"ಸೇರಬೇಕು ಅತ್ತೆ."

"ಸೇರದಿದ್ರೆ ತೆಪ್ಪಾಗ್ತದೆ. ನಾವು ಕಾನೂನಿಗೆ ಹೆದರೋ ಜನ. ಹೋಗಾನ ನಡಿ."

"ಫೋನು ತಗಳ್ಲಾ?"

"ನನ್ನ ಫೋನು ನೀನು ಮುಟ್ಟಿದ್ರೆ ಅಪಹರಣ ಆಗ್ತದೆ ಕಣೇ. ಅಲ್ಲೇ ಇರ್ಲಿ, ತಂಪಾಗೈತೆ."

ಗಂಟೆ ಹೊಡೆದಾಗ ಗೂಡಿನ ಬೆಂಕಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆವು. ಅತ್ತೆ ಮುಖ ತೊಳೆದಿರಲಿಲ್ಲ. ಗೂಡಿನ ಬೂದಿ, ಸುಣ್ಣ, ಬೆವರು ಎಲ್ಲ ಹಾಗೇ ಇತ್ತು. ತೊಳ್ಕೊ ಎಂದಿದ್ದಕ್ಕೆ, ಮೂರು ದಿನದಿಂದ ಅಲ್ಲೇ ಇದೀನಿ, ಈಗ ಯಾರನ್ನ ಮೆಚ್ಚಿಸಾಕೆ ಎಂದಳು. ಕೋಟೆ ಬೀದಿಯುದ್ದಕ್ಕೂ ಚುಕ್ಕೆ ಸೇರಲು ಓಡುತ್ತಿದ್ದವರೆಲ್ಲ ನಮ್ಮನ್ನು ಒಮ್ಮೆ, ಫೋನನ್ನು ಒಮ್ಮೆ ನೋಡಿ ಓಟ ಮರೆತು ಹಿಂದೆ ಬಂದರು. ಅಧ್ಯಕ್ಷರ ಗೇಟಿಗೆ ಬರುವಷ್ಟರಲ್ಲಿ ಒಂದು ಮೆರವಣಿಗೆಯೇ ಆಗಿತ್ತು.

ಗೇಟಿನ ಕಾವಲುಗಾರ ಕೋಲು ಅಡ್ಡ ಹಿಡಿದ. "ಎಲ್ಲಿಗೆ ಎಲ್ಲಿಗೆ?"

"ಎಲ್ಲಿಗೂ ಇಲ್ಲ ಕಣಪ್ಪ. ನಾನು ಒಳಗಿದೀನಿ. ಒಳಗಿರೋಳನ್ನ ಬಾಗಿಲಾಗೆ ಹೆಂಗೆ ತಡೀತೀಯ? ನಿನ್ನ ಫೋನು ನೋಡ್ಕೊ."

ಅವನು ನೋಡಿಕೊಂಡ. ಕೋಲು ತಾನಾಗಿ ಕೆಳಗಾಯಿತು. ಒಳಗೆ ತೂಗುಮಂಚದಿಂದ ಸರ್ವಮಂಗಳಮ್ಮನವರ ದಣಿದ ದನಿ ಬಂತು. "ಬಿಡೋ ಅವಳನ್ನ. ಆಗಲೇ ಇರೋಳು ಹೊಸದಾಗಿ ಏನು ಬರೋದು?"

ಹೀಗೆ ನನ್ನ ಅತ್ತೆ ಮುಂಬಾಗಿಲಿನಿಂದ, ನಡುಮನೆ ದಾಟಿ, ಅಧ್ಯಕ್ಷರ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕಾಲು ಚಾಚಿ ಕೂತಳು. ನಾನು ಅವಳ ಹಿಂದೆ. ಅಷ್ಟು ವರ್ಷ ಕಿಟಕಿಯಿಂದ ನೋಡಿದ್ದ ಪಾತ್ರೆಗಳನ್ನು ಎದುರಿನಿಂದ ನೋಡಿದೆ. ಅಂಥ ವಿಶೇಷವೇನೂ ಇರಲಿಲ್ಲ, ನಮ್ಮವಕ್ಕಿಂತ ಹೆಚ್ಚು ಮಸಿ ಹಿಡಿದಿದ್ದವು.

ಸರ್ವಮಂಗಳಮ್ಮನವರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಹಸಿವಿನಿಂದ ಮುಖ ಬತ್ತಿತ್ತು. "ಇಷ್ಟೇನೇ ನೀನು? ಚುಕ್ಕೆ ನೋಡಿ ಇನ್ನೂ ದಪ್ಪ ಇದೀಯ ಅಂತಿದ್ದೆ."

"ನಾನೂ ಅಷ್ಟೆ ಅಮ್ಮಾರೆ, ಅಧ್ಯಕ್ಷರ ಅಡುಗೆಮನೆ ಅಂದ್ರೆ ಇನ್ನೂ ದೊಡ್ಡದು ಅಂತಿದ್ದೆ."

"ಎದ್ದು ಹೋಗೇ. ನನ್ನ ಜೀವ ಹೋಗ್ತಿದೆ. ಒಂದು ತುತ್ತು ಉಂಡು ಮೂರು ದಿನ ಆಯ್ತು."

"ಹೋಗ್ತೀನಿ ಅಮ್ಮಾರೆ, ನನಗೂ ಕೆಲಸ ಬೇಕಾದಷ್ಟೈತೆ. ಆದ್ರೆ ನಾನು ಹೋದ್ರೂ ನನ್ನ ಚುಕ್ಕೆ ಹೋಗಲ್ಲ. ಅದು ನಾನು ಹೇಳಿದಂಗೆ ಕೇಳಲ್ಲ, ನಿಮ್ಮ ಮಗ ಹೇಳಿದಂಗೆ ಕೇಳ್ತದೆ. ಅವರನ್ನ ಕರೀರಿ."

ಕರೆಯಬೇಕಾಗಿರಲಿಲ್ಲ. ಅಧ್ಯಕ್ಷರು ಏದುಸಿರು ಬಿಡುತ್ತ ಬಂದರು, ಹಿಂದೆ ದಫೇದಾರ್ ಜಂಬಣ್ಣ, ಅವನ ಹಿಂದೆ ಪ್ರಭಂಜನ. ಈ ಸಲ ಪ್ರಭಂಜನನ ಚುಕ್ಕೆ ಸರಿಯಾಗಿ ಇಲ್ಲೇ ಇತ್ತು, ಪಾಪ. ತಪ್ಪಿಸಿಕೊಳ್ಳಲು ಛಾವಣಿ ನೆರವಾಗಲಿಲ್ಲ.

"ಎಳೆದು ಹಾಕ್ರೀ ಇವಳನ್ನ!" ಎಂದರು ಅಧ್ಯಕ್ಷರು.

"ಇವಳನ್ನ ಎಳೆದು ಏನೋ ಮಾಡ್ತೀಯ?" ಎಂದು ತಾಯಿ ಗದರಿದರು. "ಚುಕ್ಕೆ ಎಳಿ. ಅದು ಇಲ್ಲಿರೋ ತನಕ ನಾನು ನೀರೂ ಮುಟ್ಟಲ್ಲ."

"ಹೋಗಿ ಆ ಫೋನು ಎತ್ಕೊಂಡು ಬಾ ಜಂಬಣ್ಣ."

ಜಂಬಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. "ಸಾರ್, ಇನ್ನೊಬ್ಬರ ಫೋನು ಮುಟ್ಟಿದರೆ ಅಪಹರಣ. ತಾವೇ ತಂದ ಕಾನೂನು. ಹೆಂಗಸಿನ ಅಪಹರಣ ಅಂದ್ರೆ ಇನ್ನೂ ಬಿಗಿ. ನನಗೂ ಹೆಂಡ್ತಿ ಮಕ್ಕಳಿದಾರೆ."

ಅಧ್ಯಕ್ಷರು ಪ್ರಭಂಜನನ ಕಡೆ ತಿರುಗಿದರು. ಆತ, "ಇದೊಂದು ಚುಕ್ಕೆ ಮಾತ್ರ ತಾಂತ್ರಿಕ ಕಾರಣದಿಂದ ಸ್ಥಾನಪಲ್ಲಟ ಆಗಿದೆ ಅಂತ ತಾವು ಘೋಷಿಸಬಹುದು ಸಾರ್," ಎಂದ.

"ಆಯ್ತು. ತಿಪ್ಪಮ್ಮ, ನಿನ್ನ ಚುಕ್ಕೆ ತಪ್ಪು ಅಂತ ಹೇಳ್ತೀನಿ. ಎದ್ದು ಹೋಗು," ಎಂದರು ಅಧ್ಯಕ್ಷರು, ದಾನ ಕೊಡುವವರ ದನಿಯಲ್ಲಿ.

ಅತ್ತೆ ಕಾಲು ಮಡಚಲಿಲ್ಲ. "ನಂದು ತೆಪ್ಪಾದ್ರೆ ನನ್ನ ಮಗಂದು ಹೆಂಗೆ ಸರಿ ಸಾಮಿ?"

"ಅದು ಬೇರೆ ಕೇಸು."

ಅಲ್ಲಿಯವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ನನ್ನ ಬಾಯಿಗೆ ರೂಢಿಯೂ ಇರಲಿಲ್ಲ. "ಬೇರೆ ಕೇಸು, ಒಂದೇ ಬಂಡೆ," ಎಂದೆ. "ಅವನ ಫೋನು ಮ್ಯಾಲಿನ ಸೀಳಿನಾಗೆ, ಅತ್ತೇದು ಕೆಳಗಿನ ಬಿರುಕಿನಾಗೆ. ನಡುವೆ ಒಂದು ಗೇಣು. ಅತ್ತೆ ನಿಮ್ಮನೇಗೆ ಬಂದೇ ಇಲ್ಲ ಅನ್ನೋದಾದ್ರೆ ಅವನು ಪಂಪ್‌ಹೌಸಿಗೆ ಹೋಗೇ ಇಲ್ಲ. ಅವನು ಹೋಗಿದ್ದ ಅನ್ನೋದಾದ್ರೆ ಅತ್ತೆ ಇಲ್ಲೇ ಇರ್ತಾಳೆ. ನಾಳೆ ಇರ್ತಾಳೆ, ಹಬ್ಬಕ್ಕಿರ್ತಾಳೆ, ನಿಮ್ಮ ಮಗಳ ಮದುವೆಗೂ ಇರ್ತಾಳೆ. ಅಡುಗೇಗೆ ಕೈ ಹಾಕ್ತಾಳೆ, ಮೊಸರು ಕಡೀತಾಳೆ. ಕಾನೂನು ಪ್ರಕಾರ ಸಾಮಿ. ಯಾವುದು ಬೇಕು ತಾವೇ ನೋಡ್ಕಳಿ."

ಅಧ್ಯಕ್ಷರ ಮುಖ ನೋಡಬೇಕಿತ್ತು. ಒಬ್ಬ ಮನುಷ್ಯನನ್ನು ವ್ಯಾನಿಗೆ ತುಂಬುವುದು ಅವರಿಗೆ ಇಡ್ಲಿ ಮುರಿದಷ್ಟು ಸುಲಭ. ಆದರೆ ಒಬ್ಬ ಸುಣ್ಣದ ಕೇರಿಯವಳು ಒಲೆಯ ಪಕ್ಕ ಇರುವುದು ಎಂದರೆ! ನ್ಯಾಯ ಅನ್ಯಾಯ ಎಂದು ನಾವು ತಲೆಮಾರುಗಳಿಂದ ಬಡಿದುಕೊಂಡರೂ ಕದಲದ ಮನಸ್ಸು ಒಂದು ಸಾರಿನ ಪಾತ್ರೆಗಾಗಿ ಒದ್ದಾಡುತ್ತಿತ್ತು.

"ಅವನು ಕಳ್ಳನೇ ಅಲ್ಲ ಅಂತ ಹೇಳಿಬಿಟ್ಟರೆ ಕದ್ದೋರು ಯಾರು ಅಂತ ಕೇಳ್ತಾರೆ," ಎಂದರು ಕೊನೆಗೆ, ಯಾರಿಗೋ ಎಂಬಂತೆ.

"ಕೇಳಿದ್ರೆ ಕೇಳಲಿ," ಎಂದರು ಸರ್ವಮಂಗಳಮ್ಮ. "ನಿನ್ನ ಭಾವಮೈದನ ಮೋಟಾರು ನನ್ನ ಹೊಟ್ಟೆ ತುಂಬಿಸುತ್ತಾ? ಹೇಳೋ, ಹೇಳಿ ಕಳಿಸೋ ಇವಳನ್ನ."

ಮುದುಕಿಗೆ ನಮ್ಮ ಮೇಲೆ ಕರುಣೆ ಹುಟ್ಟಿತೆಂದು ಯಾರೂ ತಿಳಿಯಬೇಡಿ. ಅತ್ತೆ ಎದ್ದ ಮೇಲೆ ಆ ಜಾಗಕ್ಕೆ ಎಷ್ಟು ಕೊಡ ನೀರು ಹೊಯ್ಯಬೇಕೆಂದು ಆಕೆ ಆಗಲೇ ಎಣಿಸುತ್ತಿದ್ದರು.

"ಓಬಳೇಶ ಅಲ್ಲಿರಲಿಲ್ಲ. ಸಾಕಾ?" ಎಂದರು ಅಧ್ಯಕ್ಷರು, ಹಲ್ಲಿನ ಸಂದಿಯಿಂದ.

"ಕೇಳಿಸ್ಲಿಲ್ಲ ಸಾಮಿ. ಜಗಲಿ ಮ್ಯಾಲೆ ನಿಂತು ಹೇಳಿ, ಊರು ಬಂದೈತೆ."

ಅಧ್ಯಕ್ಷರು ಜಗಲಿಗೆ ಹೋದರು. ನಾನು ಬಾಗಿಲವರೆಗೆ ಹಿಂಬಾಲಿಸಿದೆ. ಗೇಟಿನ ಆಚೆಗೂ ಜನ. "ಮಾನ್ಯ ನಾಗರಿಕರೇ," ಎಂದು ಶುರುಮಾಡಿ, ತಾಂತ್ರಿಕ, ತಾತ್ಕಾಲಿಕ, ಸ್ಥಾನಪಲ್ಲಟ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದರು. ಒಳಗಿಂದ ಅತ್ತೆ ಕೂಗಿದಳು: "ಕನ್ನಡದಾಗೆ ಹೇಳಕ್ಕೆ ಹೇಳೇ ಮಾರಿ!"

ಅಧ್ಯಕ್ಷರು ಒಮ್ಮೆ ಹಿಂದಕ್ಕೆ ನೋಡಿದರು. ಆಮೇಲೆ ಎರಡೂ ಕಣ್ಣು ಮುಚ್ಚಿಕೊಂಡು ಒದರಿದರು. "ತಿಪ್ಪಮ್ಮನ ಚುಕ್ಕೆ ಸುಳ್ಳು! ಅವಳ ಮಗನ ಚುಕ್ಕೆ ಸುಳ್ಳು! ಅವನು ಪಂಪ್‌ಹೌಸಿನಲ್ಲಿ ಇರಲಿಲ್ಲ!"

ಗಾಳಿಗೆ ಬಾಳೆತೋಟದ ಕಡೆಯಿಂದ ಮೋಟಾರಿನ ಗುಡುಗು ತೇಲಿ ಬಂತು. ಅಧ್ಯಕ್ಷರು ತಡಬಡಾಯಿಸಿ ಮುಂದುವರಿಸಿದರು: ಇದು ಈ ಎರಡು ಚುಕ್ಕೆಗಳಿಗೆ ಮಾತ್ರ, ಉಳಿದಂತೆ ಚುಕ್ಕೆ ಸತ್ಯ, ಮುಂದೆ ಕೋಟೆ ಬೀದಿಯ ಅಡುಗೆಮನೆ, ದೇವರಮನೆಗಳ ಮಟ್ಟಿಗೆ ಚುಕ್ಕೆ ತಪ್ಪಬಹುದು ಎಂದು ಪುರಸಭೆ ತಿದ್ದುಪಡಿ ತರಲಿದೆ. ನೋಡಿದಿರಲ್ಲ, ಅವರ ಬುದ್ಧಿ ಎಷ್ಟು ಚುರುಕು. ಸೋಲುತ್ತಿರುವಾಗಲೂ ಬೇಲಿ ಹಾಕುತ್ತಿದ್ದರು. ನಾಲ್ಕಾರು ಜನ ಚಪ್ಪಾಳೆಯನ್ನೂ ಹೊಡೆದರು.

ಆದರೆ ಜಂಬಣ್ಣ ಆಗಲೇ ಲಾಕಪ್ಪಿನ ಕಡೆ ನಡೆದಿದ್ದ. ನಾನು ಅವನ ಬೆನ್ನಿಗೇ ಓಡಿದೆ, ಅವನ ಮನಸ್ಸು ದಾರಿಯಲ್ಲಿ ಬದಲಾಗದಿರಲೆಂದು. ಬೀಗ ತೆಗೆದಾಗ ಓಬಳೇಶ ಮೊದಲು ಕೇಳಿದ್ದು ಗೂಡು ಆರಿತಾ ಎಂದು. ಆರಿಲ್ಲ ಎಂದೆ. ಅವ್ವ ಎಲ್ಲಿ ಎಂದ. ಅಧ್ಯಕ್ಷರ ಅಡುಗೆಮನೆಯಲ್ಲಿ ಎಂದೆ. ಲಾಕಪ್ಪಿನಲ್ಲಿದ್ದು ತಲೆ ಕೆಟ್ಟದ್ದು ತನಗೋ ಇವಳಿಗೋ ಎಂಬಂತೆ ನನ್ನ ಮುಖ ನೋಡಿದ.

ದೊಡ್ಡ ಮನೆಯ ಮುಂದೆ ಜನ ಕರಗಿರಲಿಲ್ಲ. ಓಬಳೇಶ ಗುಂಪಿನ ಹೊರಗೆ ನಿಂತು, ಕೈಯನ್ನು ಬಾಯಿಗೆ ಹಿಡಿದು ಕೂಗಿದ. "ಅವ್ವಾ! ಎಲ್ಲಿದೀಯವ್ವ?"

ಇಷ್ಟೂ ಜನ, ಚುಕ್ಕೆ ಸುಳ್ಳೆಂದು ಈಗ ತಾನೆ ಎರಡೂ ಕಿವಿಯಿಂದ ಕೇಳಿದ್ದ ಇಷ್ಟೂ ಜನ, ಒಟ್ಟಿಗೆ ತಲೆ ತಗ್ಗಿಸಿದರು.

"ಒಲೆ ಪಕ್ಕದಲ್ಲೇ ಇದಾಳೆ," ಎಂದು ಮುಂದಿದ್ದ ಒಬ್ಬ ಸಾರಿ ಹೇಳಿದ. "ಅಲ್ಲಾಡಿಲ್ಲ. ಇನ್ನೂ ಹೊರಗೆ ಬಂದಿಲ್ಲ."

ಅತ್ತೆ ಮೆಟ್ಟಿಲಿಳಿದು ಬಂದು ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಮೂಗಿನ ಕೆಳಗಿನ ಸುಣ್ಣ ಇನ್ನೂ ಹಾಗೇ ಇತ್ತು.

"ಒಸಿ ಜರುಗಪ್ಪ," ಎಂದಳು. "ನನ್ನ ಮಗನ ತಾವ ಹೋಗ್ಬೇಕು."

"ಇರಜ್ಜಿ, ಅವಸರ ಮಾಡ್ಬೇಡ," ಎಂದ ಅವನು, ಪರದೆಯಿಂದ ಕಣ್ಣು ಕೀಳದೆ. "ಮೊದಲು ತಿಪ್ಪಮ್ಮ ಬರಲಿ."

ಅತ್ತೆ ಮೊಣಕೈಯಿಂದ ಅವನ ಪಕ್ಕೆಗೆ ತಿವಿದು ದಾರಿ ಮಾಡಿಕೊಂಡಳು.